ಹಗುರ ಕೆಲಸ

ಅವರನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ, ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಆ ಮುದ್ರಣಾಲಯದಲ್ಲಿ ಅದು ನನ್ನ ಮೊದಲ ದಿನ. ಕಾರ್ಮಿಕರ ಕಲ್ಯಾಣ ನೋಡಿಕೊಳ್ಳುವ ಗುಮಾಸ್ತನೆಂದು ನನ್ನನ್ನು ತೆಗೆದುಕೊಂಡಿದ್ದರು. ಹಾಗೆಂದರೆ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ. ಯಾರು ಎಷ್ಟು ಹೊತ್ತಿಗೆ ಏನು ಮಾಡುತ್ತಿದ್ದಾರೆ ಎಂದು ಗಮನಿಸುವುದೂ ಅದರಲ್ಲಿ ಸೇರಿರಬಹುದು ಎಂದುಕೊಂಡು ಗೋಡೆ ಗಡಿಯಾರವನ್ನು ಪದೇ ಪದೇ ನೋಡುತ್ತಿದ್ದೆ.

ಬೈಂಡಿಂಗ್ ವಿಭಾಗದ ಮೇಸ್ತ್ರಿ ನನ್ನನ್ನು ಒಂದೊಂದೇ ಮೇಜಿನ ಬಳಿಗೆ ಕರೆದೊಯ್ದರು. ಉದ್ದನೆಯ ಕೋಣೆ. ಒಂದು ಬದಿಗೆ ಹಾಳೆ ಮಡಿಸುವವರು, ಇನ್ನೊಂದು ಬದಿಗೆ ಹೊಲಿಯುವವರು, ಕೊನೆಯಲ್ಲಿ ಕಿಟಕಿಯ ಪಕ್ಕ ಕಟಿಂಗ್ ಮಷೀನ್. ಅದರ ನೆತ್ತಿಯಲ್ಲಿ ಬಸ್ಸಿನ ಸ್ಟೇರಿಂಗಿನಷ್ಟು ಅಗಲದ ಕಬ್ಬಿಣದ ಚಕ್ರ. ಚಕ್ರ ತಿರುಗಿಸಿದರೆ ಒಂದು ಹಲಗೆ ಇಳಿದು ಕಾಗದದ ಕಟ್ಟನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಪೆಡಲ್ ತುಳಿದರೆ ಅಲಗು ಬೀಳುತ್ತದೆ. ಎಂಟೂವರೆಯಿಂದ ಎಲ್ಲರೂ ದುಡಿಯುತ್ತಿದ್ದರು. ಆ ಮಷೀನಿನ ಹೆಂಗಸು ಮಾತ್ರ ಸ್ಟೂಲಿನ ಮೇಲೆ ಕೂತು, ಪುಸ್ತಕದ ಬೆನ್ನಿಗೆ ಹಚ್ಚುವ ಸರೇಸಿನ ಅಂಟು ಕಾಯಿಸುವ ಬಿಸಿನೀರಿನ ಡಬ್ಬಿಯನ್ನು ಎರಡೂ ಅಂಗೈಗಳಿಂದ ತಬ್ಬಿಕೊಂಡಿದ್ದರು. ನಲವತ್ತರ ಆಸುಪಾಸು. ತೋಳು ಗಟ್ಟಿಮುಟ್ಟು, ಬೆರಳುಗಳು ಮಾತ್ರ ಬೇರೆ ಯಾರವೋ ಎಂಬಂತೆ ಒಂದು ಪಕ್ಕಕ್ಕೆ ವಾಲಿದ್ದವು.

"ಹೊಸ ಸಾರಾ?" ಎಂದು ಕೂತಲ್ಲಿಂದಲೇ ಕೇಳಿದರು. "ಕೈ ಕುಲುಕೋಕೆ ಆಗಲ್ಲ, ತಪ್ಪು ತಿಳ್ಕೋಬೇಡಿ. ಒಂಬತ್ತು ಮುಕ್ಕಾಲುವರೆಗೂ ಈ ಕೈ ನನ್ನ ಮಾತು ಕೇಳಲ್ಲ."

"ಆಮೇಲೆ?"

"ಆಮೇಲೆ ನಾನು ಮೇಸ್ತ್ರಿ ಮಾತು ಕೇಳಲ್ಲ."

"ಬಾಯಿ ಮಾತ್ರ ಎಂಟೂವರೆಗೇ ಶುರುವಾಗುತ್ತೆ ಸಾರ್," ಎಂದರು ಮೇಸ್ತ್ರಿ. ಹೊಲಿಯುವ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಒಂಬತ್ತು ಮುಕ್ಕಾಲಿಗೆ ಮತ್ತೆ ಹೋಗಿ ನೋಡಿದೆ. ಅವರು ಎದ್ದಿದ್ದರು. ಕಾಗದದ ಕಟ್ಟನ್ನು ಸೊಂಟದಿಂದ ನೂಕಿದರು, ಮುಂಗೈಗಳೆರಡನ್ನೂ ಹಲಗೆಯಂತೆ ಹಿಡಿದು ತಟ್ಟಿ ಗೀಟಿಗೆ ಕೂರಿಸಿದರು, ಚಕ್ರದ ಕಡ್ಡಿಗಳ ನಡುವೆ ತೋಳು ತೂರಿಸಿ ಮೈಭಾರವೆಲ್ಲ ಹಾಕಿ ತಿರುಗಿಸಿದರು, ಪೆಡಲ್ ತುಳಿದರು. ಬೆರಳಿನ ಕೆಲಸವೇ ಇಲ್ಲ. ಆಗ ನನಗೆ ಅದು ಕಾಣಲಿಲ್ಲ. ಕಂಡದ್ದು ಇಷ್ಟೇ: ಕೈ ಸೊಟ್ಟಗಾದ ಒಬ್ಬ ಹೆಂಗಸು ಆ ಕೋಣೆಯ ಅತ್ಯಂತ ಭಾರದ ಯಂತ್ರವನ್ನು ಎಳೆಯುತ್ತಿದ್ದಾರೆ, ಯಾರಿಗೂ ಅಯ್ಯೋ ಎನಿಸಿಲ್ಲ. ನನ್ನ ಪುಸ್ತಕದಲ್ಲಿ ಬರೆದುಕೊಂಡೆ: "ಕಟಿಂಗ್ ಮಷೀನ್. ಕಾಯಿಲೆಯವರು. ಕೂಡಲೇ ವಿಚಾರಿಸಬೇಕು."

ಎಲ್ಲರೂ ಅವರನ್ನು ಚಕ್ರದಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ.

ವಿಚಾರಿಸಿದಾಗ ತಿಳಿದದ್ದು ಇದು. ಕಾಯಿಲೆ ಸಂಧಿವಾತ. ಮುಪ್ಪಿನಲ್ಲಿ ಮಂಡಿ ಸವೆಯುವ ಬಗೆಯದಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೈಯ ಸಣ್ಣ ಕೀಲುಗಳ ಮೇಲೆ ತಿರುಗಿಬೀಳುವ ಬಗೆಯದು. ಬೆಳಿಗ್ಗೆ ಎದ್ದಾಗ ಬೆರಳು ಮರಗಟ್ಟಿರುತ್ತವೆ, ಬಿಡಲು ಎರಡು ಮೂರು ಗಂಟೆ ಬೇಕು. ವಾಸಿಯಾಗುವುದಿಲ್ಲ. ಮಾತ್ರೆ ತಪ್ಪದಿದ್ದರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ, ಇದ್ದಲ್ಲಿ ನಿಲ್ಲಿಸಬಹುದು. ಮಾತ್ರೆಯೂ ಪರೀಕ್ಷೆಯೂ ಮುದ್ರಣಾಲಯದ ವೈದ್ಯಕೀಯ ಕಾರ್ಡಿನ ಮೇಲೆ ಸಿಗುತ್ತಿದ್ದವು. ಕೆಲಸ ಹೋದರೆ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ಕೈ ಹೋಗುತ್ತದೆ. ಗಂಡ ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ಅವರು, ಅವರ ಅತ್ತೆ, ಇಬ್ಬರೇ.

ಕಾಯಿಲೆ ಬಂದಾಗ ಅವರು ಹಾಳೆ ಮಡಿಸುವ ಮೇಜಿನಲ್ಲಿದ್ದರಂತೆ. ಹೆಬ್ಬೆರಳು ಸೋಲತೊಡಗಿದ ಹೊತ್ತಿಗೆ ಕಟಿಂಗ್ ಮಷೀನಿನ ಮುದುಕರು ನಿವೃತ್ತರಾಗುವವರಿದ್ದರು. ಇವರೇ ಹೋಗಿ ಮೇಸ್ತ್ರಿಯನ್ನು ಕೇಳಿದರು: ಆ ಚಕ್ರ ನನಗೆ ಕೊಡಿ. ಮೇಸ್ತ್ರಿ ಮೊದಲು ನಕ್ಕರು, ಆಮೇಲೆ ಒಂದು ವಾರ ನೋಡೋಣ ಎಂದರು. ಆ ವಾರ ಆರು ವರ್ಷವಾಗಿತ್ತು. ಬೆಳಗಿನ ಒಂದೂಕಾಲು ಗಂಟೆ ಅವರು ಕೈ ಕಾಯಿಸಿಕೊಳ್ಳುತ್ತಿದ್ದರು. ಅಷ್ಟನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಸಂಜೆ ಎಲ್ಲರೂ ಹೊರಟ ಮೇಲೆ ತುಂಬಿಕೊಡುತ್ತಿದ್ದರು. ಇದ್ಯಾವುದೂ ಕಾಗದದ ಮೇಲಿರಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತು, ಕೋಣೆಗೆ ಗೊತ್ತಿತ್ತು, ಅಷ್ಟೇ.

ನಾನು ಸೇರಿ ಎರಡು ತಿಂಗಳಿಗೆ ಆಡಳಿತದಿಂದ ಸುತ್ತೋಲೆ ಬಂತು. ದೀರ್ಘ ಕಾಯಿಲೆ ಇರುವವರನ್ನು ಕೆಲಸದಿಂದ ಬಿಡಿಸಬಾರದು, ಅವರಿಗೆ ತಕ್ಕ ಕೆಲಸ ಕೊಟ್ಟು ಉಳಿಸಿಕೊಳ್ಳಬೇಕು, ಅದಕ್ಕೊಂದು ಪಟ್ಟಿ ಮಾಡಬೇಕು. ಪಟ್ಟಿ ನನ್ನ ಪಾಲಿಗೆ ಬಂತು. ನನಗೆ ಸಂತೋಷವಾಯಿತು. ನನ್ನ ಅಪ್ಪ ಇಟ್ಟಿಗೆ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಹೊತ್ತವರು. ಉಸಿರು ಕಟ್ಟತೊಡಗಿದಾಗ "ನಾಳೆಯಿಂದ ಬರಬೇಡ" ಎಂಬ ಒಂದೇ ಮಾತಿಗೆ ಮನೆಗೆ ಬಂದರು. ಅಂಥ ಮಾತು ಇಲ್ಲಿ ಯಾರ ಕಿವಿಗೂ ಬೀಳಬಾರದು ಎಂದು ನಾನು ಮೂರು ದಿನ ಕೂತು ಒಂದು ನಮೂನೆ ತಯಾರಿಸಿದೆ. ಹೆಸರು, ವಯಸ್ಸು, ಕಾಯಿಲೆ. ಕೊನೆಯಲ್ಲಿ ಎರಡು ಕಲಂ: "ಈಗಿನ ಕೆಲಸ: ಭಾರ / ಹಗುರ." "ಕೊಡಬೇಕಾದ ಕೆಲಸ: ಭಾರ / ಹಗುರ."

ಕೆಲಸವನ್ನು ಅಳೆಯಲು ನನಗೆ ಗೊತ್ತಿದ್ದ ಅಳತೆ ಅದೊಂದೇ. ನಮ್ಮ ಮನೆಯಲ್ಲಿ ಎಲ್ಲರೂ ಹೊತ್ತವರೇ. ತಲೆಯ ಮೇಲಿನದು ಎಷ್ಟು ತೂಗುತ್ತದೆ ಎಂಬುದರ ಮೇಲೆ ಆ ದಿನ ಕಷ್ಟದ್ದೋ ಸುಖದ್ದೋ ತೀರ್ಮಾನವಾಗುತ್ತಿತ್ತು.

ಮೇಸ್ತ್ರಿ ನಮೂನೆ ನೋಡಿ ಕನ್ನಡಕ ತೆಗೆದರು. "ಸಾರ್, ಚಕ್ರದಕ್ಕನ ವಿಷಯ ಬರೀಬೇಡಿ."

"ಯಾಕೆ?"

"ನಡೀತಿದೆಯಲ್ಲ. ನಡೀತಿರೋದನ್ನ ಯಾಕೆ ಬರೀಬೇಕು?"

ಲೋಪ ಮುಚ್ಚಿಡಲು ನೋಡುತ್ತಿದ್ದಾರೆ ಎಂದುಕೊಂಡೆ. ಮರುದಿನ ಚಕ್ರದಕ್ಕನೇ ನನ್ನ ಮೇಜಿನ ಬಳಿ ಬಂದರು. ಸೆರಗಿನಲ್ಲಿ ಕೈ ಸುತ್ತಿಕೊಂಡಿದ್ದರು.

"ತಮ್ಮಾ, ನನ್ನ ಹೆಸರು ಬಿಟ್ಟುಬಿಡಿ."

"ಅಕ್ಕಾ, ಹೆದರಬೇಡಿ. ಈ ಪಟ್ಟಿಯಲ್ಲಿದ್ದರೆ ನಿಮ್ಮನ್ನ ಯಾರೂ ತೆಗೆಯೋ ಹಾಗಿಲ್ಲ. ನಿಮ್ಮ ರಕ್ಷಣೆಗೇ ಇದು."

"ಹೆದರಿಕೆ ಅಲ್ಲಪ್ಪ. ನನಗೆ ಚಕ್ರ ಭಾರ ಇಲ್ಲ."

"ಎಷ್ಟು ದಿನ ಅಂತ ಎಳೀತೀರಿ? ಕೂತು ಮಾಡೋ ಕೆಲಸ ಕೊಡಿಸ್ತೀನಿ. ಬೆನ್ನಿಗೆ ಒರಗೋ ಕುರ್ಚಿ ಕೊಡಿಸ್ತೀನಿ."

"ಓದಿದವರು ನೀವು," ಎಂದರು. "ಯೋಚನೆ ಮಾಡಿಯೇ ಹೇಳ್ತಿರಬೇಕು." ಅದರಲ್ಲಿ ಕುಹಕವೇನೂ ಇರಲಿಲ್ಲ. ಹಾಗಾಗಿಯೇ ಅದು ಇನ್ನೂ ನನ್ನ ಕಿವಿಯಲ್ಲಿದೆ.

ಮುದ್ರಣಾಲಯದ ವೈದ್ಯರ ಬಳಿ ಐವತ್ತಕ್ಕೂ ಹೆಚ್ಚು ನಮೂನೆಗಳಿದ್ದವು. ಅವರು ಚಕ್ರದಕ್ಕನ ನಮೂನೆಯಲ್ಲಿ ಕಾಯಿಲೆಯ ಹೆಸರು ಓದಿ, ಈಗಿನ ಕೆಲಸದ ಎದುರು "ಭಾರ", ಕೊಡಬೇಕಾದ ಕೆಲಸದ ಎದುರು "ಹಗುರ" ಎಂದು ಗುರುತು ಹಾಕಿ ಸಹಿ ಮಾಡಿದರು. ಕಟಿಂಗ್ ಮಷೀನನ್ನು ಅವರು ನೋಡಿರಲೇ ಇಲ್ಲ. ನಾನು ನೋಡಿದ್ದೆ.

ಹಗುರ ಕೆಲಸವೆಂದು ಕೊಟ್ಟದ್ದು ಹಾಳೆ ತಪಾಸಣೆ. ಹೊಲಿಗೆಗೆ ಹೋಗುವ ಮೊದಲು ಪ್ರತಿ ಪುಸ್ತಕದ ಹಾಳೆಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಒಂದೊಂದಾಗಿ ಎಣಿಸಿ, ಪುಟದ ಸಂಖ್ಯೆ ಸಾಲಾಗಿದೆಯೇ ಎಂದು ನೋಡುವ ಕೆಲಸ. ಒಂದು ಹಾಳೆಗೆ ತೂಕವೇ ಇಲ್ಲ. ದಿನಕ್ಕೆ ಅಂಥ ಹಲವು ಸಾವಿರ ಹಾಳೆ. ಹಗುರ ಕೆಲಸಕ್ಕೆ ತಡವಾಗಿ ಶುರು ಮಾಡಲು ಕಾರಣವೇನು ಎಂದು ಮ್ಯಾನೇಜರ್ ಕೇಳಿದರು. ಅಲ್ಲಿಗೆ ಆ ಒಂದೂಕಾಲು ಗಂಟೆಯೂ ಹೋಯಿತು. ಎಂಟೂವರೆಗೇ ಎಲ್ಲರ ಜೊತೆ ಶುರು. ಮೆತ್ತೆಯ ಕುರ್ಚಿ ಮಾತ್ರ ಬಂತು. ಆ ತಿಂಗಳ ವರದಿಯಲ್ಲಿ "ಕಾಯಿಲೆಯವರನ್ನು ಕೆಲಸದಲ್ಲಿ ಉಳಿಸಿಕೊಂಡ ಉದಾಹರಣೆ" ಎಂಬ ತಲೆಬರಹದಡಿ ನಾನು ಅವರ ಬಗ್ಗೆ ಒಂದು ಪುಟ ಬರೆದೆ.

ಮೊದಮೊದಲು ಹೊಲಿಯುವವರು ತಮಾಷೆ ಮಾಡುತ್ತಿದ್ದರು. "ಏನಕ್ಕಾ, ಮೆತ್ತೆ ಮೇಲೆ ಕೂತ್ಕೊಂಡು ಮಹಾರಾಣಿ ಆಗ್ಬಿಟ್ರಿ!"

"ಹೂಂ ಕಣೇ, ರಾಣಿಗೆ ಕೈ ಯಾಕೆ ಬೇಕು," ಎನ್ನುತ್ತಿದ್ದರು ಅವರು.

ಕ್ರಮೇಣ ತಮಾಷೆ ನಿಂತಿತು. ಅವರು ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡರು. ಒದ್ದೆ ಸ್ಪಂಜು ಇಟ್ಟುಕೊಂಡರು. ಆಮೇಲೆ ಹಾಳೆಯನ್ನು ಅಂಗೈಯ ಬುಡದಿಂದ ಜಾರಿಸುತ್ತಿದ್ದರು. ಐದನೇ ತಿಂಗಳಿಗೆ ಎಣಿಕೆ ಅರ್ಧಕ್ಕೆ ಇಳಿಯಿತು. ಆರನೇ ತಿಂಗಳು ಒಂದು ಆಸ್ಪತ್ರೆಗೆ ಕಳಿಸಿದ ರಿಜಿಸ್ಟರುಗಳೆಲ್ಲ ವಾಪಸು ಬಂದವು: ಅರವತ್ತನಾಲ್ಕನೇ ಪುಟ ಎರಡೆರಡು ಸಲ, ಅರವತ್ತಾರು ಇಲ್ಲವೇ ಇಲ್ಲ. ಅಂಟಿಕೊಂಡ ಎರಡು ಹಾಳೆಯನ್ನು ಬಿಡಿಸಲು ಅವರ ಬೆರಳಿಗೆ ಆಗಿರಲಿಲ್ಲ.

ಆಮೇಲೆ ನಾಲ್ಕು ದಿನ ಅವರು ಬರಲಿಲ್ಲ. ಗೈರುಹಾಜರಿ ವಿಚಾರಿಸುವುದು ನನ್ನ ಕೆಲಸವಾದ್ದರಿಂದ ಐದನೇ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ.

ಒಂದು ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲ ಚಿಲಕಕ್ಕೆ ಬಟ್ಟೆಯ ದೊಡ್ಡ ಕುಣಿಕೆ ಕಟ್ಟಿತ್ತು, ಮುಂಗೈ ತೂರಿಸಿ ಎತ್ತಲು. ನಲ್ಲಿಗೆ ಉದ್ದನೆಯ ಮರದ ತುಂಡು ಬಿಗಿದಿತ್ತು, ಮೊಣಕೈಯಿಂದ ನೂಕಲು. ಮೂಲೆಯಲ್ಲಿ ಮುದ್ರಣಾಲಯದ ರದ್ದಿ ಹಾಳೆಗಳ ಅಚ್ಚುಕಟ್ಟಾದ ರಾಶಿ. ಅತ್ತೆಗೆ ಓದು ಬರದು. ಸಂಜೆ ಸೊಸೆ ಆ ಹಾಳೆಗಳಲ್ಲಿ ಏನಿದ್ದರೆ ಅದನ್ನು ಓದಿ ಹೇಳುತ್ತಿದ್ದರಂತೆ, ಶಾಲೆಯ ಪಾಠವೋ ಔಷಧಿ ಅಂಗಡಿಯ ಪಟ್ಟಿಯೋ. ಅರ್ಧಕ್ಕೆ ನಿಂತ ಪಾಠದ ಮುಂದಿನ ಹಾಳೆ ಎಂದೂ ಸಿಗುತ್ತಿರಲಿಲ್ಲ. "ಮಿಕ್ಕಿದ್ದನ್ನ ನಾನೇ ಕಟ್ಕೋತೀನಿ," ಎಂದು ಅತ್ತೆ ಹೇಳುತ್ತಿದ್ದರಂತೆ.

ಅತ್ತೆ ಸಣ್ಣ ಮೈಯ, ಚುರುಕು ಕಣ್ಣಿನ ಮುದುಕಿ. ನನ್ನನ್ನು ಕೂರಲೂ ಹೇಳಲಿಲ್ಲ.

"ಹಗುರ ಕೆಲಸ ಕೊಡಿಸಿದ ಪುಣ್ಯಾತ್ಮ ನೀನೇನಾ?"

"ಅತ್ತೇ, ಬಿಡಿ," ಎಂದರು ಚಕ್ರದಕ್ಕ ಗೋಡೆಗೊರಗಿ ಕೂತಲ್ಲಿಂದ. ಬಲಗೈ ಮಣಿಕಟ್ಟಿನವರೆಗೂ ಊದಿ ಮಿರಮಿರ ಮಿಂಚುತ್ತಿತ್ತು.

"ಯಾಕೆ ಬಿಡಲಿ? ಮನೆ ಬಾಗಿಲಿಗೆ ಬಂದಿದ್ದಾನೆ, ನೋಡ್ಕೊಂಡು ಹೋಗ್ಲಿ. ಏಳೇ, ಆ ಕೊಡ ಎತ್ತು."

"ಅತ್ತೇ..."

"ಎತ್ತು ಅಂದೆ."

ಚಕ್ರದಕ್ಕ ಎದ್ದು, ತುಂಬಿದ ಕೊಡದ ಕುತ್ತಿಗೆಯ ಕೆಳಗೆ ಎರಡೂ ಮುಂಗೈ ಕೊಟ್ಟು, ಮಗುವನ್ನು ಎತ್ತುವ ಹಾಗೆ ಎತ್ತಿ ಕಟ್ಟೆಯ ಮೇಲಿಟ್ಟರು. ಒಂದು ಹನಿ ಚೆಲ್ಲಲಿಲ್ಲ.

ಅತ್ತೆ ಕಿಟಕಿಯ ಮೇಲಿಂದ ಮಾತ್ರೆಯ ಸ್ಟ್ರಿಪ್ ತಂದು ಸೊಸೆಯ ಕೈಯಲ್ಲಿಟ್ಟರು. "ಈಗ ಒಂದು ಮಾತ್ರೆ ತೆಗಿ."

ಹೆಬ್ಬೆರಳು ಆ ಸಣ್ಣ ಗುಳ್ಳೆಯ ಮೇಲೆ ಕೂತಿತು, ನಡುಗಿತು, ಜಾರಿತು. ಮತ್ತೆ ಕೂತಿತು. ಸ್ಟ್ರಿಪ್ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿಕೊಳ್ಳಲೂ ಅವರಿಗೆ ಆಗಲಿಲ್ಲ. ಅತ್ತೆ ಬಗ್ಗಿ ಎತ್ತಿ, ಹಲ್ಲಿನಿಂದ ಹರಿದು, ಮಾತ್ರೆಯನ್ನು ಸೊಸೆಯ ಬಾಯಿಗೇ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನಗೆ ಅಕ್ಷರ ಬರಲ್ಲ. ನೀನು ಓದಿದೀಯ. ನೀನೇ ಹೇಳಪ್ಪ, ಇದರಲ್ಲಿ ಯಾವುದು ಹಗುರ?"

ಚಕ್ರದಕ್ಕ ಕುಡಿಯಲು ನೀರು ಕೊಟ್ಟರು, ಲೋಟವನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು. "ಬೇಜಾರು ಮಾಡ್ಕೋಬೇಡ ತಮ್ಮಾ, ಅವರ ಮಾತೇ ಹಾಗೆ," ಎಂದರು.

"ನೀವು ಬಿಡಿಸಿ ಹೇಳಬಹುದಿತ್ತಲ್ಲ ಅಕ್ಕಾ."

"ಹೇಳಿದೆನಲ್ಲಪ್ಪ, ಚಕ್ರ ಭಾರ ಇಲ್ಲ ಅಂತ. ಅದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲಿಲ್ಲ."

ಮರುದಿನದಿಂದ ನಾನು ಓಡಾಡಿದೆ. ಅವರನ್ನು ಹಳೆಯ ಮಷೀನಿಗೇ ಹಾಕಿ ಎಂದು ಮ್ಯಾನೇಜರಿಗೆ ಬರೆದೆ. ಅವರು ನನ್ನದೇ ನಮೂನೆಯನ್ನು ಮೇಜಿನ ಮೇಲೆ ಹರಡಿದರು. "ಹಗುರ ಕೆಲಸದಿಂದ ಭಾರದ ಕೆಲಸಕ್ಕೆ ವಾಪಸು ಕಳಿಸಬೇಕಾದರೆ ವೈದ್ಯರು ಅರ್ಹರು ಅಂತ ಬರೆದುಕೊಡಬೇಕು. ಕೆಳಗೆ ಟಿಪ್ಪಣಿ ಇದೆ ನೋಡಿ, ನಿಮ್ಮ ಕೈಬರಹವೇ ಅಲ್ವಾ?" ಹೌದು, ಯಾರೂ ಕಾಯಿಲೆಯವರನ್ನು ಬಲವಂತವಾಗಿ ಭಾರದ ಕೆಲಸಕ್ಕೆ ದೂಡಬಾರದು ಎಂದು ನಾನೇ ಸೇರಿಸಿದ್ದ ಸಾಲು.

ವೈದ್ಯರು ಒಳ್ಳೆಯವರು. ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರು, ಕೊಡ ಮತ್ತು ಮಾತ್ರೆಯ ವಿಷಯಕ್ಕೆ ತಲೆದೂಗಿದರು, ಆಮೇಲೆ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳ ಬುಡದಲ್ಲಿ ಮೂಳೆ ಕೊರೆದುಹೋಗಿತ್ತು. ಮಣಿಕಟ್ಟಿಗೂ ಹಬ್ಬಿತ್ತು. "ಆರು ತಿಂಗಳ ಹಿಂದೆ ಬಂದು ಇದನ್ನೆಲ್ಲ ಹೇಳಿದ್ರೆ ನಾನೇ ಬರೆದುಕೊಡ್ತಿದ್ದೆ. ಈಗ ಹೇಗೆ ಬರೀಲಿ? ಮಾತ್ರೆ ಬೆಂಕಿ ಆರಿಸುತ್ತೆ, ಸುಟ್ಟಿದ್ದನ್ನ ವಾಪಸು ಕೊಡಲ್ಲ."

ಚಕ್ರದಕ್ಕ ಮತ್ತೆ ಕೆಲಸಕ್ಕೆ ಬಂದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ, ಕೋಣೆ ಖಾಲಿಯಾದಾಗ, ಮೇಸ್ತ್ರಿ ಅವರನ್ನೂ ನನ್ನನ್ನೂ ಕಟಿಂಗ್ ಮಷೀನಿನ ಬಳಿಗೆ ಕರೆದರು. ಆ ಮಷೀನನ್ನು ಈಗ ಬೇರೊಬ್ಬರು ನಡೆಸುತ್ತಿದ್ದರು. ಅವರು ಊಟಕ್ಕೆ ಹೋಗಿದ್ದರು. "ಒಂದ್ಸಲ ಮಾಡಿ ನೋಡು. ಆಗುತ್ತೆ ಅಂದ್ರೆ ನಾನೇ ಮೇಲಿನವರ ಹತ್ರ ಜಗಳ ಆಡ್ತೀನಿ."

ಅವರು ಕಟ್ಟನ್ನು ಸೊಂಟದಿಂದ ನೂಕಿದರು. ಅಲ್ಲಿಯವರೆಗೆ ಎಲ್ಲ ಹಳೆಯ ಹಾಗೆಯೇ. ತಟ್ಟಿ ಕೂರಿಸುವಾಗ ಬಲ ಮಣಿಕಟ್ಟು ಮಡಿಯಿತು. ತುಟಿ ಕಚ್ಚಿ ಎಡಗೈಯೊಂದರಿಂದಲೇ ಕೂರಿಸಿದರು, ಚಕ್ರಕ್ಕೆ ತೋಳು ಕೊಟ್ಟರು, ಮೂರು ಸುತ್ತು ತಿರುಗಿಸಿದರು, ಪೆಡಲ್ ತುಳಿದರು. ಅಲಗು ಬಿತ್ತು. ತೆಗೆದು ನೋಡಿದರೆ ಇಡೀ ಕಟ್ಟು ಓರೆಯಾಗಿ ಕತ್ತರಿಸಿಹೋಗಿತ್ತು, ಒಂದು ತುದಿಯಲ್ಲಿ ಅಕ್ಷರಗಳೇ ಹೋಗಿದ್ದವು.

ಮೇಸ್ತ್ರಿ ಕಟ್ಟನ್ನು ರದ್ದಿಯ ಬುಟ್ಟಿಗೆ ಹಾಕಿ, ಮೇಲೆ ಬೇರೆ ಕಾಗದ ಮುಚ್ಚಿದರು.

"ಇನ್ನೊಂದ್ಸಲ?" ಎಂದೆ ನಾನು.

"ಬೇಡ ತಮ್ಮಾ," ಎಂದರು ಚಕ್ರದಕ್ಕ. "ಪಾಪ, ಯಾವ ಮಕ್ಕಳ ಪುಸ್ತಕವೋ." ಸೆರಗಿನಲ್ಲಿ ಕೈ ಸುತ್ತಿಕೊಂಡು ಮೆತ್ತೆಯ ಕುರ್ಚಿಗೆ ಹೋಗಿ ಕೂತರು. ಊಟ ಮುಗಿಸಿ ಬಂದವರಿಗೆ ಏನೂ ಗೊತ್ತಾಗಲಿಲ್ಲ.

ಮೇಸ್ತ್ರಿ ನನ್ನನ್ನು ಬಾಗಿಲವರೆಗೆ ಕರೆದುಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡೆ. "ನೀವೂ ಒಳ್ಳೇದಕ್ಕೇ ಮಾಡಿದ್ರಿ," ಎಂದಷ್ಟೇ ಹೇಳಿದರು. ಬೈದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಹಗುರ ಕೆಲಸದಲ್ಲೂ ನಿಗದಿ ಎಣಿಕೆ ಮುಟ್ಟದವರನ್ನು ವರ್ಷದ ಕೊನೆಗೆ ಯಾವ ಕೆಲಸಕ್ಕೂ ಅರ್ಹರಲ್ಲ ಎಂದು ಬಿಡುಗಡೆ ಮಾಡಬಹುದೆಂದು ಆ ಸುತ್ತೋಲೆಯ ಕೊನೆಯಲ್ಲೇ ಇತ್ತು. ಬಿಡುಗಡೆಯ ಪತ್ರವನ್ನು ನಾನೇ ಕೊಡಬೇಕಾಯಿತು. ಅವರಿಗೆ ಪೆನ್ನು ಹಿಡಿಯಲಾಗಲಿಲ್ಲ. ಸಹಿಯ ಬದಲು ಹೆಬ್ಬೆಟ್ಟು ಒತ್ತಿಸಿಕೊಂಡೆ. ಹತ್ತನೇ ತರಗತಿ ಓದಿದ, ಸಂಜೆ ಸಂಜೆ ಅತ್ತೆಗೆ ಪಾಠ ಓದಿ ಹೇಳುತ್ತಿದ್ದವರ ಹೆಬ್ಬೆಟ್ಟು. ಶಾಯಿ ಒರೆಸಿಕೊಳ್ಳಲು ನಾನು ಕಾಗದ ಕೊಟ್ಟಾಗ, "ಒರೆಸಿಬಿಡು ತಮ್ಮಾ, ನನಗೆ ಆಗಲ್ಲ," ಎಂದು ಕೈ ಮುಂದೆ ಚಾಚಿದರು. ವೈದ್ಯಕೀಯ ಕಾರ್ಡನ್ನೂ ಅಂದೇ ಹಿಂದಿರುಗಿಸಬೇಕಿತ್ತು; ಚೀಲದಿಂದ ತೆಗೆಯಲು ಅವರಿಗೆ ಕಷ್ಟವಾಗಬಹುದೆಂದು ಅತ್ತೆ ಅದನ್ನು ಮುಂಚೆಯೇ ಚೀಲದ ಹೊರಗೆ ಪಿನ್ನು ಹಾಕಿ ಕಳಿಸಿದ್ದರು.

ನಮೂನೆಯನ್ನು ನಾನು ಬದಲಾಯಿಸಿದ್ದೇನೆ. ಭಾರ, ಹಗುರ ಎಂಬ ಎರಡು ಮಾತು ಈಗ ಅದರಲ್ಲಿಲ್ಲ. "ಯಾವ ಕೆಲಸ ಮಾಡುವಾಗ ನೋವಿಲ್ಲ? ದಿನದ ಯಾವ ಹೊತ್ತು ಕಷ್ಟ? ನೀವೇ ಕಂಡುಕೊಂಡ ದಾರಿ ಏನಾದರೂ ಇದೆಯೇ?" ಎಂದು ಅದು ಈಗ ಕೇಳುತ್ತದೆ. ಉತ್ತರವನ್ನು ಕಾಯಿಲೆಯವರು ಕೆಲಸ ಮಾಡುವ ಜಾಗದಲ್ಲೇ ನಿಂತು, ನೋಡಿ ಬರೆದುಕೊಳ್ಳುತ್ತೇನೆ. ಹಾಗೆ ಇಬ್ಬರು ಉಳಿದಿದ್ದಾರೆ. ಒಬ್ಬರದು ಸಕ್ಕರೆ ಕಾಯಿಲೆ, ಒಬ್ಬರದು ಮೂರ್ಛೆ. ಚಕ್ರದಕ್ಕನಿಗೆ ಅದರಿಂದ ಏನೂ ಆಗಲಿಲ್ಲ. ಒಮ್ಮೆ ಬಿಡುಗಡೆಯಾದವರ ಕಡತ ಮತ್ತೆ ತೆರೆಯುವುದಿಲ್ಲ. ನಾನು ನಾಲ್ಕು ಸಲ ಬರೆದೆ, ನಾಲ್ಕಕ್ಕೂ ಅದೇ ಉತ್ತರ ಬಂತು.

ಅವರ ಮನೆಗೆ ಆಗಾಗ ಹೋಗುತ್ತೇನೆ. ಮಾತ್ರೆಗೆ ಸಾರ್ವಜನಿಕ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು. ಅದು ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ, ಅವರ ಕೈ ಏಳದ ಹೊತ್ತಿಗೆ. ಕೆಲವು ತಿಂಗಳು ಸಿಗುತ್ತದೆ, ಕೆಲವು ತಿಂಗಳು ಮುಗಿದಿದೆ ಎನ್ನುತ್ತಾರೆ. ಎಡಗೈಗೂ ಹಬ್ಬಿದೆ. ಕೊಡ ಎತ್ತುವುದನ್ನು ಬಿಟ್ಟಿದ್ದಾರೆ. ರದ್ದಿ ಹಾಳೆ ತಂದುಕೊಡಲೇ ಎಂದು ನಾನು ಒಮ್ಮೆ ಕೇಳಿದೆ. ಬೇಡ, ಬಿಡಿ ಹಾಳೆ ಕೈಯಿಂದ ಜಾರುತ್ತದೆ ಎಂದರು. ಈಗ ಪತ್ರಿಕೆ ಕೊಂಡುಹೋಗುತ್ತೇನೆ.

ಈಗ ಅವರು ಯಾವ ಕೆಲಸದಲ್ಲೂ ಇಲ್ಲ. ಬೆಳಿಗ್ಗೆ ಹನ್ನೊಂದರವರೆಗೆ ಬಿಸಿನೀರಿನ ಪಾತ್ರೆಯಲ್ಲಿ ಕೈ ಇಟ್ಟುಕೊಂಡು ಕೂರುತ್ತಾರೆ. ಆಮೇಲೆ ಅತ್ತೆಗೆ ಪತ್ರಿಕೆ ಓದಿ ಹೇಳುತ್ತಾರೆ. ಪುಟ ತಿರುಗಿಸುವುದು ಅತ್ತೆ.